ಕಿಟಕಿ ಪರದೆಯ ಅಂಗಿ

ಅಜ್ಜಿ ಬಿದ್ದ ದಿನದಿಂದ ಆ ಮನೆಯಲ್ಲಿ ಏನು ಕೆಟ್ಟರೂ ಅದು ಸೊಸೆಯ ತಲೆಗೇ ಬರುತ್ತಿತ್ತು. ಹಾಲು ಉಕ್ಕಿದರೆ ಸೊಸೆ, ನಲ್ಲಿ ಸೋರಿದರೆ ಸೊಸೆ, ಮೋಡ ಕವಿದು ಬಟ್ಟೆ ಒಣಗದಿದ್ದರೆ ಅದಕ್ಕೂ ಸೊಸೆ. "ಮನೆ ಮೇಲೆ ಗಮನ ಇದ್ದವಳಾದ್ರೆ ಹೀಗಾಗ್ತಿತ್ತಾ?" ಎಂದು ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತು ಹಲ್ಲಿನಿಂದ ದಾರ ಕಡಿಯುತ್ತ ಕೇಳುವಳು. ಅದಕ್ಕೆ ಉತ್ತರವೇನೂ ಬೇಕಾಗಿರಲಿಲ್ಲ. ಯಂತ್ರ ಮತ್ತೆ ಗರಗರ ಎನ್ನುತ್ತಿತ್ತು, ಶಾಲೆಯ ಸಮವಸ್ತ್ರದ ತೋಳುಗಳು ಒಂದರ ಮೇಲೊಂದು ಬುಟ್ಟಿಗೆ ಬೀಳುತ್ತಿದ್ದವು.

ಮನೆ ಇದ್ದುದು ಎರಡನೇ ಮಹಡಿಯಲ್ಲಿ. ಕೆಳಗೆ, ರಸ್ತೆಗೆ ಮುಖ ಮಾಡಿ, ಮಾವನ ಸೆಲೂನು. ಅಜ್ಜಿ ಎಂದರೆ ಮಾವನ ತಾಯಿ. ಸೊಂಟದ ಮೂಳೆ ಮುರಿದುಕೊಂಡು ಈಗ ನಡುಮನೆಯ ಮಂಚ ಹಿಡಿದಿದ್ದಳು. ಅವಳ ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು, ಗಂಜಿ ಕುಡಿಸುವುದು, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ತಿರುಗಿಸುವುದು ಎಲ್ಲ ಸೊಸೆಯ ಪಾಲಿಗೆ. ನೀನೇ ಮಾಡು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ತಪ್ಪು ಮಾಡಿದವಳೇ ಮಾಡಬೇಕು ಎಂಬುದು ಆ ಮನೆಯ ಗೋಡೆಗಳಿಗೂ ಗೊತ್ತಿದ್ದ ಹಾಗಿತ್ತು.

ಅವಳ ತಪ್ಪೇನು ಅಂತೀರೋ, ಕೇಳಿ. ಅಜ್ಜಿಯನ್ನು ಒಂಟಿಯಾಗಿ ಬಿಡಬಾರದೆಂದು ಆ ಮನೆಯಲ್ಲೊಂದು ಪಾಳಿ ಇತ್ತು: ಬೆಳಗ್ಗೆ ಸೊಸೆ, ಮಧ್ಯಾಹ್ನದ ಮೇಲೆ ಅತ್ತೆ. ಸೊಸೆ ಊಟ ಮುಗಿಸಿ ಬೇಕರಿಗೆ ಹೋಗುವಳು. ಮೊದಲು ಬ್ರೆಡ್ಡಿಗೆ ಕಾಗದ ಸುತ್ತುತ್ತಿದ್ದವಳನ್ನು ಯಜಮಾನ ಈಚೆಗೆ ಕೇಕಿನ ಮೇಜಿಗೆ ಹಾಕಿದ್ದ. ಕ್ರೀಮಿನಲ್ಲಿ ಗುಲಾಬಿ ಬಿಡಿಸುವುದು, ಯಾರದೋ ಮಗುವಿನ ಹೆಸರನ್ನು ಅಳ್ಳಾಡದ ಕೈಯಲ್ಲಿ ಬರೆಯುವುದು. ಆ ಕೆಲಸ ಅವಳಿಗೆ ಎಷ್ಟು ಇಷ್ಟವೆಂದರೆ ಮನೆಯಲ್ಲಿ ತಟ್ಟೆ ತೊಳೆಯುವಾಗಲೂ ಸೋಪಿನ ನೊರೆಯಲ್ಲಿ ಬೆರಳಾಡಿಸಿ ಹೂ ಬಿಡಿಸುತ್ತಿದ್ದಳು.

ಆ ಶನಿವಾರ ಅತ್ತೆ, "ನಮ್ಮಕ್ಕನಿಗೆ ಉಬ್ಬಸ ಜಾಸ್ತಿಯಂತೆ, ಹೋಗಿ ಬರ್ತೀನಿ. ಸಂಜೆ ನೀನಿರು" ಎಂದಳು.

"ಶನಿವಾರ ಕೇಕಿನ ಆರ್ಡರ್ ತುಂಬ ಇರುತ್ತೆ ಅತ್ತೆ. ಇವತ್ತೊಂದು ದಿನ ಆಗಲ್ಲ."

"ಅಲ್ಲಿ ನಮ್ಮಕ್ಕ ಉಸಿರಿಗೆ ಒದ್ದಾಡ್ತಿದ್ದಾಳೆ, ನಿಂಗೆ ಕ್ರೀಮಿನ ಚಿಂತೆ."

ನಡುವೆ ಬಾಯಿ ಹಾಕಿದವನು ಗಂಡ. ಅವನು ಲಿಫ್ಟ್ ರಿಪೇರಿ ಕಂಪನಿಯಲ್ಲಿ ಮೆಕ್ಯಾನಿಕ್. "ಇಬ್ಬರೂ ಹೋಗಿ. ಸಂಜೆ ನಾನಿರ್ತೀನಿ" ಎಂದ. ಸೊಸೆಗೆ ಗಂಡನ ಮೇಲೆ ಅವತ್ತು ಪ್ರೀತಿ ಉಕ್ಕಿ ಬಂದಿತ್ತು. ಮಧ್ಯಾಹ್ನ ಫೋನ್ ಮಾಡಿ, "ಆಸ್ಪತ್ರೆಯೊಂದರ ಲಿಫ್ಟ್ ಸಿಕ್ಕಿಕೊಂಡಿದೆ, ಸ್ವಲ್ಪ ತಡ ಆಗುತ್ತೆ. ನೀನು ಹೊರಡು, ಅರ್ಧ ಗಂಟೇಲಿ ಬಂದ್ಬಿಡ್ತೀನಿ" ಎಂದ. ಅಜ್ಜಿ ನಿದ್ದೆ ಮಾಡುತ್ತಿದ್ದಳು. ಸೊಸೆ ಬಾಗಿಲು ಎಳೆದುಕೊಂಡು ಹೋದಳು.

ಅವನು ಬರಲೇ ಇಲ್ಲ. ಮಾವ ಅಂಗಡಿ ಮುಚ್ಚಿ ಮೇಲೆ ಬಂದಾಗ ಅಜ್ಜಿ ಬಚ್ಚಲ ಹೊಸ್ತಿಲ ಮೇಲೆ ಬಿದ್ದಿದ್ದಳು, ಕೂಗಿ ಕೂಗಿ ಗಂಟಲು ಕಟ್ಟಿತ್ತು. ಸೊಸೆ ಏಪ್ರನ್ನಿನಲ್ಲೇ ಓಡಿ ಬಂದು ದಾರಿಯುದ್ದಕ್ಕೂ ಗಂಡನಿಗೆ ಫೋನ್ ಮಾಡಿದಳು. ಮೊದಲ ಸಲ ರಿಂಗಾಗಿ ಕಟ್ಟಾಯಿತು. ಆಮೇಲೆ ಸ್ವಿಚ್ ಆಫ್. ತಡವಾಗಿ ಆಸ್ಪತ್ರೆಗೆ ಬಂದವನ ಕೈಯೆಲ್ಲ ಗ್ರೀಸ್ ಮೆತ್ತಿತ್ತು. "ಲಿಫ್ಟ್ ಗುಂಡಿಯೊಳಗೆ ಸಿಗ್ನಲ್ ಎಲ್ಲಿ ಸಿಗುತ್ತೆ?" ಎಂದ. ಸರಿಯಲ್ಲವೇ, ಎಲ್ಲಿ ಸಿಗುತ್ತದೆ.

ಹೀಗಾಗಿ ಲೆಕ್ಕ ಸಲೀಸಾಗಿ ಮುಗಿಯಿತು. ಅತ್ತೆ ಹೋದದ್ದು ಕಾಯಿಲೆಯವರನ್ನು ನೋಡಲು, ಮಗ ಹೋದದ್ದು ಆಸ್ಪತ್ರೆಯ ಲಿಫ್ಟ್ ಸರಿಮಾಡಲು, ಸೊಸೆ ಹೋದದ್ದು ಕ್ರೀಮ್ ಬಳಿಯಲು. ಮಾವ ಸೆಲೂನಿಗೆ ಬಂದವರ ಕತ್ತಿಗೆ ಬಟ್ಟೆ ಕಟ್ಟುತ್ತ ಇದನ್ನೇ ಹೇಳಿದ. ಕ್ಷೌರದ ಅಂಗಡಿಯಲ್ಲಿ ಹೇಳಿದ ಮಾತು ಬೀದಿಗೆಲ್ಲ ಹಬ್ಬಲು ಎಷ್ಟು ಹೊತ್ತು ಬೇಕು? ಮೊಟ್ಟೆ ತರಲು ಹೋದರೆ ಅಂಗಡಿಯವಳು, "ಮುದುಕಿ ಹೇಗಿದ್ದಾಳಮ್ಮ, ಈಗ ಯಾರಿದ್ದಾರೆ ಜೊತೆಗೆ?" ಎಂದು ಸೊಸೆಯ ಮುಖವನ್ನೇ ನೋಡುತ್ತ ಕೇಳುತ್ತಿದ್ದಳು.

ಬೇಕರಿ ಕೆಲಸ ಬಿಡಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ಯಜಮಾನ ಒಳ್ಳೆಯವನು. "ತಿಂಗಳ ಕೊನೆವರೆಗೆ ನಿನ್ನ ಜಾಗ ಹಾಗೇ ಇಟ್ಟಿರ್ತೀನಮ್ಮ. ಆಮೇಲೆ ಬೇರೆ ಹುಡುಗಿ ನೋಡ್ಲೇಬೇಕು" ಎಂದಿದ್ದ. ಸೊಸೆ ದಿನಗಳು ಜಾರುವುದನ್ನು ನೋಡುತ್ತ ಬೆಡ್‌ಪ್ಯಾನ್ ತೊಳೆಯುತ್ತಿದ್ದಳು.

ಆ ಮನೆಗೆ ಆ ಬ್ಯಾಂಡಿನ ಹಾಡು ತಂದವಳೂ ಅವಳೇ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಎಲ್ಲರ ಬಾಯಲ್ಲೂ ಇದ್ದ ರಾಕ್ ಬ್ಯಾಂಡು ಅದು. ನಾಲ್ಕು ಜನ, ಭುಜದವರೆಗೆ ಕೂದಲು. ಮಾವ ಅವರಿಗೆ 'ಕತ್ತರಿ ಕಾಣದವರು' ಎಂದು ಹೆಸರಿಟ್ಟಿದ್ದ; ಅವರನ್ನು ನೋಡಿ ಹುಡುಗರೆಲ್ಲ ಜುಟ್ಟು ಬಿಟ್ಟರು, ತನ್ನ ವ್ಯಾಪಾರಕ್ಕೆ ಕಲ್ಲು ಬಿತ್ತು ಎಂದು ಅವನ ಸಿಟ್ಟು. ಸೊಸೆ ಅಡುಗೆ ಮಾಡುವಾಗ ಫೋನಿನಲ್ಲಿ ಅವರ ಹಾಡು ಹಾಕುವಳು. ಮೊದಮೊದಲು, "ಇದೇನು, ಹಲ್ಲು ಕೀಳಿಸ್ಕೊಂಡವರ ಹಾಗೆ ಕಿರುಚ್ತಾರೆ" ಎನ್ನುತ್ತಿದ್ದ ಅತ್ತೆ ಬರುಬರುತ್ತ ಒಂದು ನಿಧಾನದ ಹಾಡಿಗೆ ಸೋತಳು. ಮಿಷನ್ ತುಳಿಯುತ್ತ ಅದನ್ನೇ ಗುನುಗುವಳು. ಸಾಲು ಮರೆತಾಗ ಸೊಸೆಯನ್ನೇ ಕೇಳುವಳು. ಅತ್ತೆ ಸೊಸೆ ಜಗಳವಿಲ್ಲದೆ ಕೂತಿರುತ್ತಿದ್ದುದು ಆ ಒಂದು ಹಾಡಿನ ಹೊತ್ತಿನಲ್ಲಿ ಮಾತ್ರ.

ಆ ಬ್ಯಾಂಡು ನಗರದ ಆಚೆ ತುದಿಯ ಕ್ರೀಡಾಂಗಣಕ್ಕೆ ಬರುತ್ತದೆಂದು ಗೊತ್ತಾದಾಗ ಸೊಸೆ ಗಂಡನನ್ನು ಕೇಳಿದ್ದಳು. "ರೀ, ಒಂದೇ ಒಂದು ಸಲ. ಮದುವೆ ಆದ್ಮೇಲೆ ನಾವು ಎಲ್ಲಿಗೂ ಹೋಗಿಲ್ಲ."

"ಟಿಕೆಟ್ ಎಲ್ಲಾ ಖಾಲಿಯಂತೆ. ಇದ್ರೂ ನಮ್ಮಂಥವರ ಕೈಗೆಟಕಲ್ಲ ಬಿಡು" ಎಂದಿದ್ದ ಅವನು. ಅವಳೂ ಸುಮ್ಮನಾಗಿದ್ದಳು. ಅಜ್ಜಿ ಬಿದ್ದ ಸಂಜೆಯೇ ಆ ಕಾರ್ಯಕ್ರಮ ನಡೆದಿತ್ತು ಎಂಬುದು ಅವಳಿಗೆ ನೆನಪಾದದ್ದೂ ಎಷ್ಟೋ ದಿನಗಳ ಮೇಲೆ.

ಅದರ ರೆಕಾರ್ಡಿಂಗ್ ಹೊರಬಂತು. ನಾದಿನಿ ಫೋನ್ ಅಂಗಡಿಯಲ್ಲಿ ಕೆಲಸ ಮಾಡುವವಳು, ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ಬಂದಳು. "ಅತ್ತಿಗೆ, ತಗೊಳ್ಳಿ, ಇಡೀ ಶೋ ಇದೆ. ಅಜ್ಜಿ ಜೊತೆ ಕೂತು ನೋಡಿ, ಬೇಜಾರು ಕಳೆಯುತ್ತೆ." ಆ ಮನೆಯಲ್ಲಿ ಸೊಸೆಯ ಬೇಜಾರಿನ ಬಗ್ಗೆ ಯೋಚಿಸಿದವಳು ನಾದಿನಿಯೊಬ್ಬಳೇ.

ಮಧ್ಯಾಹ್ನ ಅತ್ತೆ ಹೊಲಿದದ್ದನ್ನು ಕೊಟ್ಟು ಬರಲು ಹೋಗಿದ್ದಳು. ಸೊಸೆ ಟಿವಿಗೆ ಪೆನ್‌ಡ್ರೈವ್ ಸಿಕ್ಕಿಸಿ, ಅಜ್ಜಿಯ ತಲೆಯ ಕೆಳಗೆ ಎರಡು ದಿಂಬು ಕೊಟ್ಟು, ಚಮಚದಲ್ಲಿ ಗಂಜಿ ಕುಡಿಸುತ್ತ ನೋಡಿದಳು. ಡ್ರಮ್ಮಿನವನು ಹೊಡೆದ ಏಟಿಗೆ ಅಜ್ಜಿ, "ಅವನಿಗೆ ಯಾರ ಮೇಲೆ ಕೋಪ?" ಎಂದಳು. ಸೊಸೆಗೆ ಎಷ್ಟೋ ದಿನದ ಮೇಲೆ ನಗು ಬಂತು. ನಿಧಾನದ ಹಾಡು ಶುರುವಾಯಿತು. ಜನರೆಲ್ಲ ಫೋನಿನ ದೀಪ ಹಚ್ಚಿ ಕೈ ಮೇಲೆತ್ತಿದರು. ಕ್ಯಾಮೆರಾ ಅವರ ಮೇಲೆ ಹರಿಯುತ್ತ ಬಂದು ಒಬ್ಬ ಹೆಂಗಸಿನ ಮುಖದ ಮೇಲೆ ನಿಂತಿತು. ಐವತ್ತು ದಾಟಿದವಳು, ಕಣ್ಣು ಮುಚ್ಚಿ, ಗಂಟಲ ನರ ಉಬ್ಬುವ ಹಾಗೆ ಹಾಡುತ್ತಿದ್ದಳು.

ಸೊಸೆಯ ಕೈಯ ಚಮಚ ಅಲ್ಲೇ ನಿಂತಿತು. ಮುಖಕ್ಕಿಂತ ಮೊದಲು ಅವಳು ಗುರುತು ಹಿಡಿದದ್ದು ಅಂಗಿಯನ್ನು. ಹಸಿರು ಬಟ್ಟೆ, ಬಿಳಿ ಎಲೆ. ಅವಳು ತಲೆಯೆತ್ತಿ ಟಿವಿಯ ಹಿಂದಿನ ಕಿಟಕಿ ನೋಡಿದಳು. ಅದೇ ಹಸಿರು, ಅದೇ ಬಿಳಿ ಎಲೆ. ಪರದೆ ಹೊಲಿದು ಉಳಿದ ಬಟ್ಟೆಯಲ್ಲಿ ಅತ್ತೆ ತನಗೊಂದು ಅಂಗಿ ಹೊಲಿದುಕೊಂಡಿದ್ದಳು. ಆ ಬಟ್ಟೆಯ ಅಂಗಿ ಊರಿನಲ್ಲಿ ಇನ್ನೊಬ್ಬರ ಮೈಮೇಲೆ ಇರುವುದು ಸಾಧ್ಯವೇ ಇರಲಿಲ್ಲ. ಅವಳು ಹಿಂದಕ್ಕೆ ಓಡಿಸಿ ನೋಡಿದಳು, ಮತ್ತೆ ನೋಡಿದಳು, ಆ ಮುಖ ಬಂದಲ್ಲಿಗೇ ನಿಲ್ಲಿಸಿ ಟಿವಿ ಆರಿಸಿದಳು.

"ಯಾಕೆ ನಿಲ್ಲಿಸ್ದೆ?" ಎಂದಳು ಕಣ್ಣು ಮಂಜಾಗಿದ್ದ ಅಜ್ಜಿ.

"ಗಂಜಿ ಆರುತ್ತೆ ಅಜ್ಜಿ."

ಸಂಜೆ ಅತ್ತೆ ಚೀಲ ಕೆಳಗಿಟ್ಟು ಉಸ್ಸೆಂದು ಕೂತಾಗ ಸೊಸೆ ಚಹಾ ಕೊಡುತ್ತ ಕೇಳಿದಳು. "ನಿಮ್ಮಕ್ಕ ಹೇಗಿದ್ದಾರೆ ಅತ್ತೆ, ಉಬ್ಬಸ ಕಮ್ಮಿಯಾಯ್ತಾ?"

"ಅವಳ ಕಷ್ಟ ಯಾಕೆ ಕೇಳ್ತೀಯ. ಆ ದಿನ ನಾನು ಹೋಗಿರ್ಲಿಲ್ಲ ಅಂದ್ರೆ ಏನಾಗ್ತಿತ್ತೋ."

"ಹೌದಾ" ಎಂದಳು ಸೊಸೆ. ಒಳಗೆ ಬಂದು ಒಲೆಯ ಮುಂದೆ ನಿಂತಳು. ಕೋಪವೂ ಇತ್ತು, ಸುಳ್ಳೇಕೆ, ಖುಷಿಯೂ ಇತ್ತು. ಇನ್ನು ತಾನು ಕೆಲಸಕ್ಕೆ ಹೋಗಬಹುದು. ಪಾಳಿ ತಪ್ಪಿಸಿದವರು ಯಾರು ಎಂದು ಎಲ್ಲರಿಗೂ ಗೊತ್ತಾದರೆ ಮತ್ತೆ ಪಾಳಿ ಬರುತ್ತದೆ.

ಮರುದಿನ ಬೆಳಗ್ಗೆ ಗಂಡ ಮೊಟ್ಟೆ, ಬ್ರೆಡ್ಡು ತಿನ್ನುತ್ತಿದ್ದಾಗ ಹೇಳಿದಳು. "ರೀ, ಆ ಶೋನಲ್ಲಿ ಅತ್ತೆ ಇದ್ದಾರೆ. ಅಕ್ಕನ ಮನೆಗೆ ಹೋಗಿರ್ಲಿಲ್ಲ, ಅಲ್ಲಿಗೆ ಹೋಗಿದ್ರು. ನನ್ನ ಕಣ್ಣಾರೆ ನೋಡ್ದೆ."

ಅವನು ಅಗಿಯುವುದನ್ನು ನಿಲ್ಲಿಸಿದ. "ಇನ್ಯಾರನ್ನ ನೋಡ್ದೆ?"

"ಇನ್ಯಾರನ್ನ ನೋಡ್ಬೇಕಿತ್ತು?"

"ಏನಿಲ್ಲ. ಜನ ಒಂದೇ ಥರ ಇರ್ತಾರೆ. ಮನೇಲಿ ಮೊದಲೇ ನೆಮ್ಮದಿ ಇಲ್ಲ, ಇದನ್ನೊಂದು ಎತ್ತಬೇಡ. ನಾನೇ ಅಮ್ಮನ ಹತ್ರ ಮಾತಾಡ್ತೀನಿ" ಎಂದು ಅರ್ಧ ಬ್ರೆಡ್ಡು ಬಿಟ್ಟು ಎದ್ದ. ಸಂಜೆ ನೋಡಿದರೆ ಟಿವಿಯ ಹಿಂದೆ ಪೆನ್‌ಡ್ರೈವ್ ಇರಲಿಲ್ಲ. "ಅದು ಕೆಟ್ಟಿತ್ತು, ಬಿಸಾಕ್ದೆ" ಎಂದ. ತಾಯಿಯ ಮಾನ ಕಾಯುತ್ತಿದ್ದಾನೆ ಎಂದುಕೊಂಡಳು ಅವಳು. ಹೆಂಡತಿಯ ಮಾನ ಬೀದಿಗೆ ಬಿದ್ದಾಗ ಈ ಚುರುಕು ಎಲ್ಲಿ ಹೋಗಿತ್ತು ಎಂದೂ ಅಂದುಕೊಂಡಳು.

ಅವಳು ಯಾರಿಗೂ ಹೇಳದೆ ನಾದಿನಿಯಿಂದ ಇನ್ನೊಂದು ಪ್ರತಿ ಹಾಕಿಸಿಕೊಂಡಳು. ತಿಂಗಳ ಕೊನೆಯ ಭಾನುವಾರ ಬಂತು. ಸೆಲೂನಿಗೆ ಅರ್ಧ ದಿನ ರಜೆ, ಎಲ್ಲರೂ ಮನೆಯಲ್ಲಿ. ಸೊಸೆ ಆಲೂಗೆಡ್ಡೆ ಹುರಿದು, ಕೋಳಿ ಬೇಯಿಸಿ, ಎಲ್ಲರಿಗೂ ಬಡಿಸಿ ಟಿವಿ ಹಚ್ಚಿದಳು.

"ಕತ್ತರಿ ಕಾಣದವರಾ? ಊಟದ ಹೊತ್ತಿಗೆ ಕೂದಲು ನೋಡ್ಬೇಕಾ?" ಎಂದ ಮಾವ.

"ಅಪ್ಪ, ಸುಮ್ನಿರಿ. ಅತ್ತಿಗೆ ಪಾಪ ಇಷ್ಟಪಟ್ಟು ಹಾಕಿದ್ದಾರೆ" ಎಂದಳು ನಾದಿನಿ.

ಅತ್ತೆ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಗಂಡ ಸೊಸೆಯ ಕೈಯಲ್ಲಿದ್ದ ರಿಮೋಟಿಗೆ ಕೈ ಚಾಚಿದ. "ಸೌಂಡ್ ಜಾಸ್ತಿಯಾಯ್ತು, ಕೊಡಿಲ್ಲಿ." ಅವಳು ಕೊಡಲಿಲ್ಲ. ನಿಧಾನದ ಹಾಡಿಗೇ ಓಡಿಸಿ ಬಿಟ್ಟಳು. ಫೋನಿನ ದೀಪಗಳು ಹತ್ತಿಕೊಂಡವು, ಮುಖ ಬಂತು, ಅಂಗಿ ಬಂತು.

ಮಾವ ಕೋಳಿಯ ಮೂಳೆ ಹಿಡಿದುಕೊಂಡೇ ಕಿಟಕಿಯತ್ತ ನೋಡಿದ, ಟಿವಿಯತ್ತ ನೋಡಿದ. "ಇದು ನಮ್ಮನೆ ಪರದೆ ಅಲ್ವಾ?"

 ಸೊಸೆ ಅಲ್ಲಿಗೇ ನಿಲ್ಲಿಸಬೇಕೆಂದಿದ್ದಳು, ಆದರೆ ಅವಸರದಲ್ಲಿ ಗುಂಡಿ ಸಿಗಲಿಲ್ಲ. ಹೋದ ಸಲ ಅವಳು ನೋಡದೆ ಬಿಟ್ಟಿದ್ದ ಭಾಗ ಓಡಿತು. ಕ್ಯಾಮೆರಾ ತುಸು ಹಿಂದಕ್ಕೆ ಸರಿಯಿತು. ಅತ್ತೆಯ ಪಕ್ಕದಲ್ಲಿ, ಅವಳ ಕೈಚೀಲವನ್ನು ಹೆಗಲಿಗೆ ಹಾಕಿಕೊಂಡು, ದೀಪ ಹಚ್ಚಿದ ಫೋನನ್ನು ಎತ್ತಿ ಆಡಿಸುತ್ತಿದ್ದವನು ಸೊಸೆಯ ಗಂಡ. ನೋಡುತ್ತಿದ್ದಂತೆ ಅವನು ಫೋನನ್ನು ಕೆಳಗಿಳಿಸಿ ಮುಖದ ಹತ್ತಿರ ತಂದ. ಏನೋ ನೋಡಿದ. ಹೆಬ್ಬೆರಳಿನಿಂದ ಒತ್ತಿದ. ದೀಪವನ್ನು ಮತ್ತೆ ಮೇಲೆತ್ತಿ ಹಾಡತೊಡಗಿದ.

ನಾದಿನಿಯೇ ರಿಮೋಟ್ ಕಿತ್ತುಕೊಂಡು ನಿಲ್ಲಿಸಿದಳು.

"ಆಗ ಬಂದಿದ್ದು ನನ್ನ ಫೋನ್" ಎಂದಳು ಸೊಸೆ. "ನಾನು ಮಾಡಿದ್ದು. ನೀವು ಕಟ್ ಮಾಡಿದ್ದು ಅದನ್ನೇ."

"ನಂಗೇನು ಗೊತ್ತಿತ್ತು?" ಎಂದ ಗಂಡ.  "ಯಾವಾಗ ಬರ್ತೀರ ಅಂತ ಕೇಳೋಕೆ ಮಾಡ್ತಿದ್ದೀಯ ಅಂದ್ಕೊಂಡೆ. ಮತ್ತೆ ಮತ್ತೆ ಮಾಡ್ತೀಯ ಅಂತ ಆಫ್ ಮಾಡ್ದೆ. ಅಪ್ಪ ಚಹಾಕ್ಕೆ ಮೇಲೆ ಬರ್ತಾರಲ್ಲ, ನೋಡ್ಕೋತಾರೆ ಅಂದ್ಕೊಂಡಿದ್ದೆ."

"ಶನಿವಾರ ನಾನ್ಯಾವತ್ತೋ ಚಹಾಕ್ಕೆ ಬಂದಿದ್ದು?" ಮಾವ ತಟ್ಟೆ ತಳ್ಳಿದ. "ನಿನ್ನ ಲಿಫ್ಟಿಗೆ ಬೆಂಕಿ ಬೀಳ. ಕೈಗೆ ಗ್ರೀಸ್ ಎಲ್ಲಿಂದ ಬಂತೋ?"

"ಬೈಕಿನ ಚೈನಿಂದು."

ಎಂದರೆ ಆಸ್ಪತ್ರೆಯ ಹೊರಗೆ ನಿಂತು, ಚೈನು ಮುಟ್ಟಿ, ಕೈಗೆ ಬಳಿದುಕೊಂಡು ಒಳಗೆ ಬಂದಿದ್ದ. ಸೊಸೆಗೆ ಆ ಕೈ ನೆನಪಾಯಿತು. ಅದನ್ನು ಅವಳೇ ಅವತ್ತು ತನ್ನ ಏಪ್ರನ್ನಿನಲ್ಲಿ ಒರೆಸಿದ್ದಳು.

"ನಂಗೆ ಟಿಕೆಟ್ ಖಾಲಿ ಅಂದ್ರಲ್ಲ."

"ಕ್ರೀಡಾಂಗಣದ ಲಿಫ್ಟ್ ನಮ್ಮ ಕಂಪನೀದೇ. ಎರಡು ಪಾಸು ಕೊಟ್ಟಿದ್ರು. ಎರಡೇ. ಅಮ್ಮ ಒಂದು ಸಲನಾದ್ರೂ ಎಲ್ಲಿಗೆ ಹೋಗಿದ್ದಾಳೆ ಹೇಳು."

ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದ ಅತ್ತೆ ಸೆರಗಿಗೆ ಮುಖ ಒತ್ತಿ ಅಳಲು ಶುರು ಮಾಡಿದಳು. "ಮದುವೆಯಾಗಿ ಬಂದಾಗಿಂದ ಮಿಷನ್ ತುಳಿದಿದ್ದೀನಿ. ಒಂದೇ ಒಂದು ಸಂಜೆ. ಹೇಳಿದ್ರೆ ನೀವು ಬಿಡ್ತಿದ್ರಾ? ಶೋ ಮುಗಿದ್ಮೇಲೆ ಅಕ್ಕನ ಮನೆಗೇ ಹೋಗಿದ್ದೆ, ಅದೇನು ಸುಳ್ಳಲ್ಲ."

"ಒಂದು ಸಂಜೆ ಅಂತೀರಲ್ಲ ಅತ್ತೆ" ಎಂದಳು ಸೊಸೆ.  "ಆವತ್ತಿಂದ ಒಂದೊಂದು ತುತ್ತಿಗೂ ನನ್ನನ್ನ ಚುಚ್ಚಿದ್ರಿ. ಆಗ ನಿಮ್ಮ ಬಾಯಲ್ಲಿ ಈ ಮಾತು ಯಾಕೆ ಬರ್ಲಿಲ್ಲ?"

"ಮೊದಲನೇ ದಿನ ಹೇಳೋಕಾಗ್ಲಿಲ್ಲ. ಆಮೇಲೆ ಹೇಗೆ ಹೇಳ್ಲಿ?"

ಅಜ್ಜಿ ಮಂಚದಿಂದ ಕತ್ತು ಚಾಚಿ ಟಿವಿಯನ್ನೇ ನೋಡುತ್ತಿದ್ದಳು. ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವಳು ಅವಳು. ಈಗ ಏನಾದರೂ ಅಂದಾಳು ಎಂದು ಸೊಸೆ ಅವಳ ಕಡೆ ತಿರುಗಿದಳು. ಅಜ್ಜಿ ಅತ್ತೆಗೆ, "ಆ ಅಂಗೀಲಿ ಚೆನ್ನಾಗಿ ಕಾಣ್ತೀಯ ಕಣೇ" ಎಂದಳು. ಆಮೇಲೆ ಸೊಸೆಗೆ, "ಬೆನ್ನು ನೋಯ್ತಿದೆ, ಸ್ವಲ್ಪ ಆಕಡೆ ತಿರುಗಿಸು" ಎಂದಳು. ಸೊಸೆ ಎದ್ದು ಹೋಗಿ ತಿರುಗಿಸಿದಳು.

ಮಾವ ಕೈ ತೊಳೆದುಕೊಂಡು ಬಂದು ಕೂತ. ಸಿಟ್ಟು ಇಳಿದಿತ್ತು. ಇಳಿದ ಸಿಟ್ಟಿನ ಜಾಗಕ್ಕೆ ವ್ಯವಹಾರ ಬಂದಿತ್ತು. "ನೋಡಮ್ಮ, ಆಗಿದ್ದು ಆಗಿಹೋಯ್ತು. ಇದು ಈ ನಾಲ್ಕು ಗೋಡೆ ದಾಟಬಾರದು. ಹೆಂಡ್ತಿ, ಮಗ ಕುಣಿಯೋಕೆ ಹೋಗಿದ್ರು, ಅಮ್ಮ ನೆಲದ ಮೇಲೆ ಬಿದ್ದಿದ್ಲು ಅಂತ ನಾನು ಅಂಗಡೀಲಿ ಹೇಗೆ ಹೇಳ್ಲಿ? ಜನ ನನ್ನನ್ನ ನಂಬಿ ಕತ್ತಿಗೆ ತಲೆ ಕೊಡೋರು."

"ನನ್ನ ಹೆಸರು ಹೇಳೋಕೆ ಆಯ್ತಲ್ಲ ಮಾವ."

"ಅದು ಆಗ್ಲೇ ಹೇಳಿಯಾಯ್ತು. ಜನ ಒಂದು ಸಲ ಅಂದ್ಕೊಂಡಿದ್ದಾರೆ, ಇನ್ನು ನಾಲ್ಕು ದಿನಕ್ಕೆ ಮರೀತಾರೆ. ಹೊಸದಾಗಿ ಇನ್ನೊಬ್ಬರ ಹೆಸರು ಯಾಕೆ ಕೆಡಿಸ್ಬೇಕು? ಹೇಗಿದ್ರೂ ನೀನು ಹೊತ್ಕೊಂಡಿದ್ದೀಯ."

ಹೊತ್ಕೊಂಡಿದ್ದೀಯ. ನೀರಿನ ಕೊಡವೇನೋ, ಇನ್ನೆರಡು ಮೆಟ್ಟಿಲು ಹತ್ತಿದರೆ ಇಳಿಸಬಹುದೇನೋ ಎಂಬ ಹಾಗೆ ಹೇಳಿದ. ಗಂಡ ತಲೆ ತಗ್ಗಿಸಿ ಹೂಂಗುಟ್ಟಿದ. ನಾದಿನಿ ಏನೋ ಹೇಳಹೊರಟಳು, ಅಪ್ಪ ನೋಡಿದ ನೋಟಕ್ಕೆ ಸುಮ್ಮನಾದಳು. ಸೊಸೆ ಅವರ ತಟ್ಟೆಗಳನ್ನು ತೆಗೆಯಲಿಲ್ಲ. ಆ ಮನೆಗೆ ಬಂದಮೇಲೆ ಅದೇ ಮೊದಲು.

"ನಾಳೆಯಿಂದ ಕೆಲಸಕ್ಕೆ ಹೋಗ್ತೀನಿ" ಎಂದಳು. "ಬೆಳಗ್ಗೆನೇ ಹೋಗ್ಬೇಕು, ಯಜಮಾನರ ಹತ್ರ ಮಾತಾಡ್ಬೇಕು. ನಾಳೆ ಅಜ್ಜಿ ಜೊತೆ ಯಾರಿರ್ತೀರೋ ನೀವೇ ತೀರ್ಮಾನ ಮಾಡ್ಕೊಳ್ಳಿ."

"ನಾನು ರಜೆ ಹಾಕ್ತೀನಿ" ಎಂದ ಗಂಡ ತಕ್ಷಣ. ದಂಡ ಕಟ್ಟಿ ಕೈತೊಳೆದುಕೊಳ್ಳುವವನ ಆತುರ ಅದು. ಅವಳು ಅವನ ಮುಖ ನೋಡಲಿಲ್ಲ.

ಸೋಮವಾರ ಬೆಳಗ್ಗೆ ಅವಳು ಏಪ್ರನ್ ಮಡಚಿ ಚೀಲಕ್ಕೆ ಹಾಕಿಕೊಂಡು ಇಳಿದಳು. ಸೆಲೂನಿನ ಬಾಗಿಲು ತೆರೆದಿತ್ತು. ಗಲ್ಲಕ್ಕೆ ನೊರೆ ಬಳಿಸಿಕೊಂಡು ಕೂತಿದ್ದ ಗಿರಾಕಿ ಕನ್ನಡಿಯಲ್ಲಿ ಅವಳನ್ನು ಕಂಡ. "ಏನು ಯಜಮಾನ್ರೇ, ಸೊಸೆ ಮತ್ತೆ ಹೊರಟಂಗಿದೆ. ಮುದುಕಮ್ಮನ ಗತಿ?"

ಕತ್ತಿ ಹಿಡಿದ ಮಾವನೂ ಕನ್ನಡಿಯಲ್ಲೇ ಅವಳನ್ನು ನೋಡಿದ. ಅವನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಗಿರಾಕಿಯ ಗಲ್ಲ ಎತ್ತಿ ಹಿಡಿದು, "ಏನ್ ಮಾಡೋದು. ಈಗಿನ ಕಾಲದವರಿಗೆ ಹೇಳೋಕಾಗುತ್ತಾ?" ಎಂದ.

ಅವಳು ನಿಂತಳು, ಒಳಗೆ ಹೋಗಿ ಎಲ್ಲ ಹೇಳಿಬಿಡಲೇ ಎನ್ನಿಸಿತು. ಕ್ಷೌರದ ಕತ್ತಿಯ ಕೆಳಗೆ ಕತ್ತು ಕೊಟ್ಟು ಕೂತವನು ತನ್ನ ಮಾತು ನಂಬಿಯಾನೇ? ಅವಳು ನಡೆದಳು. ತರಕಾರಿ ಗಾಡಿ ದಾಟಿ, ಮೊಟ್ಟೆ ಅಂಗಡಿ ದಾಟಿ, ಬೇಕರಿಯ ಬಿಸಿ ಬ್ರೆಡ್ಡಿನ ವಾಸನೆ ಮೂಗಿಗೆ ಬರುವಷ್ಟು ಹತ್ತಿರ ಹೋದಾಗ ಚೀಲದೊಳಗೆ ಫೋನ್ ಹೊಡೆದುಕೊಂಡಿತು. ತೆಗೆದು ನೋಡಿದರೆ ಗಂಡ.

ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ಹೋಯಿತು. ಒತ್ತಬೇಕೆಂದೇ ಇದ್ದಳು. ಆದರೆ ಬಚ್ಚಲ ಹೊಸ್ತಿಲ ಮೇಲೆ ಬಿದ್ದ ಅಜ್ಜಿ ಕಣ್ಣ ಮುಂದೆ ಬಂದಳು, ಬೆರಳು ಹಸಿರಿಗೆ ಸರಿಯಿತು. "ಏನಾಯ್ತು? ಅಜ್ಜಿಗೇನಾಯ್ತು?"

"ಏನೂ ಆಗಿಲ್ಲ. ಗಂಜಿಗೆ ಉಪ್ಪು ಎಷ್ಟು ಹಾಕ್ಬೇಕು?"

ಅವಳಿಗೆ ಉಸಿರು ಮರಳಿತು. "ಅರ್ಧ ಚಮಚ."

"ಉಪ್ಪಿನ ಡಬ್ಬ ಎಲ್ಲಿದೆ?"

"ಒಲೆ ಪಕ್ಕ. ನೀಲಿ ಮುಚ್ಚಳ."

"ಹಾಂ, ಸಿಕ್ತು" ಎಂದ ಗಂಡ. ಆಮೇಲೆ ಎಂದಿನ ದನಿಯಲ್ಲಿ ಕೇಳಿದ. "ಮತ್ತೆ, ಯಾವಾಗ ಬರ್ತೀಯ?"

ನಡುರಸ್ತೆಯಲ್ಲಿ, ಹೊಳೆಯುವ ಬಿಸಿಲಿನಲ್ಲಿ ನಿಂತು ಅವಳು, "ಲಿಫ್ಟ್ ಒಳಗಿದ್ದೀನಿ. ಇಲ್ಲಿ ಸಿಗ್ನಲ್ ಸಿಗಲ್ಲ" ಎಂದು ಫೋನ್ ಆಫ್ ಮಾಡಿದಳು.